ಕೆಟ್ಟ ರಸ್ತೆ ಯಾರಿಗೆ ಬೇಕು?

ಕೊಲ್ಲೂರಿಂದಲೋ ನಿಟ್ಟೂರಿಂದಲೋ ಜೀಪು ಹತ್ತಿ ಕೊಡಚಾದ್ರಿಗೆ ಹೋದವರಿಗೆಲ್ಲ ಇದು ಗೊತ್ತಿರುತ್ತೆ. ಡಾಂಬರು ಮುಗಿದ ಕೂಡಲೇ ಡ್ರೈವರ್ ಒಂದು ಕ್ಷಣ ಗಾಡಿ ನಿಲ್ಲಿಸಿ, ಗೇರ್ ಲಿವರಿನ ಪಕ್ಕದಲ್ಲಿರುವ ಇನ್ನೊಂದು ಗಿಡ್ಡ ಲಿವರನ್ನ ಎಳೆಯುತ್ತಾನೆ. ಎಂಜಿನ್ನಿನ ಸದ್ದು ಬದಲಾಗುತ್ತೆ. ಅಲ್ಲಿಂದ ಮುಂದೆ ಹಿಂದುಗಡೆ ಸೀಟಿನಲ್ಲಿ ಎದುರುಬದುರು ಕೂತವರೆಲ್ಲ ಒಬ್ಬರ ಮಂಡಿ ಇನ್ನೊಬ್ಬರಿಗೆ ತಾಗಿಸಿಕೊಂಡು, ತಲೆಯನ್ನ ಮೇಲಿನ ಕಂಬಿಗೆ ಹೊಡೆಸಿಕೊಂಡು ಕೂಗುತ್ತಾ ವಿಡಿಯೋ ಮಾಡುತ್ತಾ ಸಾಗುತ್ತಾರೆ. ಡ್ರೈವರ್ ಮಾತ್ರ ಕೂಗುವುದಿಲ್ಲ. ಅವನಿಗೆ ಇದು ಇವತ್ತಿನ ಎರಡನೇ ಟ್ರಿಪ್ಪು.

ಆ ಜೀಪಿನಲ್ಲಿ ಹಾಗೆ ನೋಡಿದರೆ ಎರಡು ಥರದ ಜನ ಇದ್ದಾರೆ. ರಸ್ತೆ ಕೆಟ್ಟದಾಗಿದೆ ಅನ್ನೋ ಕಾರಣಕ್ಕೇ ದುಡ್ಡು ಕೊಟ್ಟು ಬಂದವರು. ರಸ್ತೆ ಕೆಟ್ಟದಾಗಿರುವುದರಿಂದಲೇ ಹೊಟ್ಟೆ ತುಂಬಿಸಿಕೊಳ್ಳುವವರು. ಮೂರನೆಯವರೂ ಇದ್ದಾರೆ, ಅವರು ಜೀಪಿನೊಳಗೆ ಇಲ್ಲ. ಅದೇ ದಾರಿಯ ಪಕ್ಕದಲ್ಲಿ ಮನೆ ಇರೋರು, ಅರ್ಧರಾತ್ರಿ ಹೆರಿಗೆ ನೋವು ಬಂದರೆ ಅದೇ ಗುಂಡಿಗಳನ್ನ ದಾಟಬೇಕಾದವರು. ಈ ಮೂವರ ನಡುವಿನ ಜಗಳ ನಮ್ಮ ಮಲೆನಾಡಿನಲ್ಲೇ ಹುಟ್ಟಿದ್ದೇನಲ್ಲ. ಅದಕ್ಕೊಂದು ಇತಿಹಾಸ ಇದೆ. ಜೀಪಿಗೆ ಎಷ್ಟು ವಯಸ್ಸೋ ಹೆಚ್ಚುಕಮ್ಮಿ ಈ ಜಗಳಕ್ಕೂ ಅಷ್ಟೇ.

ಮೊದಲು ಜೀಪಿನ ಕಥೆ ಹೇಳಿಬಿಡುತ್ತೇನೆ. 1940ರಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸನ್ನು ಮುಗಿಸಿದ ಮೇಲೆ ಅಮೆರಿಕದ ಸೇನೆಗೆ ದಿಗಿಲಾಯಿತು. ಯುದ್ಧಕ್ಕೆ ಇನ್ನೂ ಇಳಿದಿರಲಿಲ್ಲ, ಆದರೆ ಇಳಿಯಬೇಕಾದೀತು ಅಂತ ಗೊತ್ತಿತ್ತು. ಕೆಸರು, ಕಲ್ಲು, ಗುಡ್ಡ ಯಾವುದಾದರೂ ಸರಿ ಹತ್ತಿ ಇಳಿಯುವಂಥ ಪುಟ್ಟ ಗಾಡಿಯೊಂದು ಬೇಕು ಅಂತ 135 ಕಂಪನಿಗಳಿಗೆ ಪತ್ರ ಬರೆದರು. ಮಾದರಿ ಗಾಡಿ ತಂದು ಒಪ್ಪಿಸಲು ಕೊಟ್ಟ ಸಮಯ 49 ದಿನ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಡೆಡ್‌ಲೈನ್ ಬಗ್ಗೆ ಗೊಣಗುವ ನಾವು ಇದನ್ನ ಒಮ್ಮೆ ಯೋಚಿಸಬೇಕು: 49 ದಿನದಲ್ಲಿ ಒಂದು ಹೊಸ ವಾಹನ! ಒಪ್ಪಿಕೊಂಡಿದ್ದು ಬ್ಯಾಂಟಮ್ ಅನ್ನೋ ಕಂಪನಿ. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಈ ಕಂಪನಿ ಅಷ್ಟೊತ್ತಿಗೆ ಬಹುತೇಕ ದಿವಾಳಿ. ಕಳೆದುಕೊಳ್ಳೋಕೆ ಏನೂ ಇಲ್ಲದವರ ಧೈರ್ಯ ಅದು. ಅವರು ಡೆಟ್ರಾಯ್ಟಿನಿಂದ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ್ನ ಕರೆಸಿದರು. ಆತ ಎರಡೇ ದಿನದಲ್ಲಿ ಗಾಡಿಯ ನಕ್ಷೆ ಬರೆದು ಮುಗಿಸಿದ. ಸೆಪ್ಟೆಂಬರ್ 23ರ ಸಂಜೆ, ಗಡುವಿಗೆ ಅರ್ಧ ಗಂಟೆ ಬಾಕಿ ಇರುವಾಗ, ಮೇರಿಲ್ಯಾಂಡಿನ ಸೇನಾ ಶಿಬಿರದ ಗೇಟಿನೊಳಗೆ ಆ ಗಾಡಿ ಬಂದು ನಿಂತಿತು.

ಆಮೇಲೆ ಆಗಿದ್ದು ಸಣ್ಣ ಕಂಪನಿಗಳಿಗೆ ಯಾವತ್ತೂ ಆಗುವಂಥದ್ದೇ. ಬ್ಯಾಂಟಮ್ಮಿನ ನಕ್ಷೆಗಳನ್ನ ಸೇನೆಯವರು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೂ ತೋರಿಸಿದರು. ವಿಲ್ಲೀಸಿನ ಹತ್ತಿರ 60 ಅಶ್ವಶಕ್ತಿಯ ಒಳ್ಳೆಯ ಎಂಜಿನ್ ಇತ್ತು, ಫೋರ್ಡ್ ಹತ್ತಿರ ದೊಡ್ಡ ಕಾರ್ಖಾನೆ ಇತ್ತು. ಯುದ್ಧ ಮುಗಿಯುವ ಹೊತ್ತಿಗೆ ಇವರಿಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಜೀಪನ್ನ ಮೊದಲು ಕಟ್ಟಿದ ಬ್ಯಾಂಟಮ್ ಪಾಲಿಗೆ ಉಳಿದದ್ದು ಎರಡೂವರೆ ಸಾವಿರದಷ್ಟು ಗಾಡಿ, ಮತ್ತೆ ಜೀಪಿನ ಹಿಂದೆ ಕಟ್ಟುವ ಟ್ರೇಲರು ಮಾಡುವ ಕೆಲಸ.

ಈಗ ಆ ಗಿಡ್ಡ ಲಿವರಿಗೆ ವಾಪಸ್ ಬರೋಣ, ಮುಂದಿನ ಕಥೆಗೆ ಅದು ಬೇಕು. ಅದರ ಕೆಳಗಿರೋದು ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೇ ಗೇರ್ ಪೆಟ್ಟಿಗೆ. ಎಂಜಿನ್ನಿನ ಶಕ್ತಿಯನ್ನ ಹಿಂದಿನ ಚಕ್ರಕ್ಕಷ್ಟೇ ಅಲ್ಲದೆ ಮುಂದಿನ ಚಕ್ರಕ್ಕೂ ಹಂಚೋದು ಅದರ ಕೆಲಸ. ‘ಲೋ’ ಹಾಕಿದರೆ ಚಕ್ರದ ವೇಗ ಸುಮಾರು ಅರ್ಧಕ್ಕೆ ಇಳಿದು ತಿರುಚುವ ಬಲ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತೆ. ಹತ್ತುವಾಗ ಆಕ್ಸಿಲರೇಟರ್ ತುಳಿದು ಹಾರಿಸಬೇಕಾಗಿಲ್ಲ, ಇಳಿಯುವಾಗ ಬ್ರೇಕ್ ಒತ್ತಿಹಿಡಿಯಬೇಕಾಗಿಲ್ಲ, ಎಂಜಿನ್ನೇ ಗಾಡಿಯನ್ನ ಹಿಡಿದುಕೊಳ್ಳುತ್ತೆ. ಸಿನಿಮಾದಲ್ಲಿ ತೋರಿಸೋ ಹಾಗೆ ಕೆಸರು ಹಾರಿಸಿಕೊಂಡು ನುಗ್ಗೋದು ಹಳೇ ಜೀಪಿನ ವಿದ್ಯೆ ಅಲ್ಲವೇ ಅಲ್ಲ. ಅದರ ವಿದ್ಯೆ ನಿಧಾನ. ಮನುಷ್ಯ ನಡೆಯುವುದಕ್ಕಿಂತ ನಿಧಾನ. ಕಲ್ಲು ಅಡ್ಡ ಬಂದರೆ ಅದನ್ನ ಎರಡು ಚಕ್ರದ ನಡುವೆ ಬಿಟ್ಟುಕೊಳ್ಳಬಾರದು, ಆಕ್ಸಲ್ಲಿನ ಮಧ್ಯದಲ್ಲಿ ಜೋತುಬಿದ್ದಿರೋ ಡಿಫರೆನ್ಷಿಯಲ್ ಉಂಡೆಗೆ ಬಡಿಯುತ್ತೆ. ಚಕ್ರವನ್ನೇ ಕಲ್ಲಿನ ಮೇಲೆ ಹತ್ತಿಸಬೇಕು. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಆ ಆಕ್ಸಲ್ಲಿನ ಶಕ್ತಿಯೆಲ್ಲ ಆ ಚಕ್ರಕ್ಕೇ ಹೋಗಿ ಅದು ಸುಮ್ಮನೆ ತಿರುಗುತ್ತೆ, ಮುಂದೆ ಹಿಂದೆ ಒಂದೊಂದು ಚಕ್ರ ಹೀಗೆ ಎದ್ದರೆ ಗಾಡಿ ಕದಲೋದಿಲ್ಲ. ಆಗ ಒಬ್ಬ ಇಳಿದು ಚಕ್ರದಡಿ ಕಲ್ಲಿಟ್ಟು, ಮುಂದೆ ನಿಂತು ಕೈ ತೋರಿಸುತ್ತಾ ದಾರಿ ಹೇಳಬೇಕು. ಅಮೆರಿಕನ್ನರು ಅವನನ್ನ ಸ್ಪಾಟರ್ ಅಂತಾರೆ. ನಮ್ಮಲ್ಲಿ ಲಾರಿ ಕ್ಲೀನರುಗಳು ‘ಬರ್ಲಿ, ಬರ್ಲಿ, ಲೆಫ್ಟ್ ಕಟ್ಟು, ಹೋಲ್ಡಾನ್’ ಅನ್ನುತ್ತಾ ಮಾಡಿಕೊಂಡು ಬಂದಿರೋದೂ ಅದನ್ನೇ.

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೇನೆಯ ಜೀಪುಗಳು ಜನರ ಕೈಗೆ ಬಂದವು. ವಿಲ್ಲೀಸ್ ಕಂಪನಿ 1945ರಲ್ಲೇ ಸಿಜೆ-2ಎ ಅಂತ ನಾಗರಿಕರ ಜೀಪು ತಂದಿತು. ಉಳುಮೆಗೆ ಆಗುತ್ತೆ, ಹೊರೆ ಎಳೆಯುತ್ತೆ ಅಂತೆಲ್ಲ ಹೇಳಿ ರೈತರಿಗೆ ಮಾರುವುದು ಅವರ ಲೆಕ್ಕಾಚಾರ. ಇಲ್ಲೊಂದು ತಮಾಷೆ ಇದೆ. ಇವತ್ತು ಆಫ್-ರೋಡ್ ಗಾಡಿಗಳ ಮುಂದೆ ಕಟ್ಟುವ ವಿಂಚುಗಳಿಗೆ ಹೆಸರಾದ ವಾರ್ನ್ ಕಂಪನಿ ಶುರುವಾದದ್ದು 1948ರಲ್ಲಿ. ಆಗ ಅವರು ಮಾಡುತ್ತಿದ್ದದ್ದು ಜೀಪಿನ ಮುಂದಿನ ಚಕ್ರವನ್ನ ಬೇಕೆಂದಾಗ ಬಿಡಿಸಿಡುವ ಹಬ್ಬುಗಳನ್ನ. ಯಾಕೆ? ಜೀಪು ಒಳ್ಳೆಯ ರಸ್ತೆಯಲ್ಲೂ ಸಲೀಸಾಗಿ ಓಡಲಿ ಅಂತ. ಗುಂಡಿಗೆ ಹುಟ್ಟಿದ ಗಾಡಿಯನ್ನ ಹೆದ್ದಾರಿಗೆ ಹೊಂದಿಸೋದು ಆವಾಗಿನ ಆಸೆ. ಹೆದ್ದಾರಿಯ ಗಾಡಿಯನ್ನ ಗುಂಡಿಗೆ ಹೊಂದಿಸೋ ಖರ್ಚು ನಮ್ಮ ಕಾಲದ್ದು.

ಗುಂಡಿಗೆ ಮೋಜಿಗಾಗಿ ಇಳಿಯೋದು ಮೊದಲು ಎಲ್ಲಿ ಶುರುವಾಯಿತು ಅಂತ ಖಚಿತವಾಗಿ ಬೆರಳು ತೋರಿಸೋದು ಕಷ್ಟ. ಆದರೆ ಅದಕ್ಕೆ ಊರು, ತಾರೀಖು, ಹೆಸರು ಎಲ್ಲ ಕೊಟ್ಟದ್ದು ಕ್ಯಾಲಿಫೋರ್ನಿಯಾದ ರೂಬಿಕಾನ್ ಟ್ರೇಲ್. ಜೀಪ್ ಕಂಪನಿ 2003ರಿಂದ ತನ್ನ ಗಟ್ಟಿ ಮಾದರಿಗೆ ಇಟ್ಟಿರೋ ಹೆಸರೂ ಇದರದ್ದೇ.

ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಜಾರ್ಜ್‌ಟೌನ್ ಅನ್ನೋ ಹಳೇ ಚಿನ್ನದ ಗಣಿಯ ಊರಿನಿಂದ ಟಾಹೋ ಸರೋವರದ ಕಡೆಗೆ ಹೋಗುವ ದಾರಿ ಇದು. ಮೊದಲಿಗೆ ಇದು ಅಲ್ಲಿನ ಮೂಲನಿವಾಸಿಗಳ ಕಾಲುದಾರಿ. ಹತ್ತೊಂಬತ್ತನೇ ಶತಮಾನದಲ್ಲಿ ನಡುದಾರಿಯ ರೂಬಿಕಾನ್ ಚಿಲುಮೆಯ ನೀರು ಆರೋಗ್ಯಕ್ಕೆ ಒಳ್ಳೇದು ಅಂತ ಪ್ರಚಾರವಾಗಿ ಅಲ್ಲೊಂದು ಹೋಟೆಲು ಎದ್ದಿತು. ಗಾಜಿನ ಕಿಟಕಿ ಹಾಕಿದ, ಸ್ಥಿತಿವಂತರು ಬಂದು ಉಳಿಯುವ ಹೋಟೆಲು. ಅತಿಥಿಗಳು ಕುದುರೆ ಗಾಡಿಯಲ್ಲಿ ಬರುತ್ತಿದ್ದರು. 1887ರ ಆಗಸ್ಟಿನಲ್ಲಿ ಎಲ್ ಡೊರಾಡೊ ಕೌಂಟಿಯ ಆಡಳಿತ, ಅಂದರೆ ನಮ್ಮ ಜಿಲ್ಲಾಡಳಿತದಂಥದ್ದು, ಈ ದಾರಿಯನ್ನ ಅಧಿಕೃತವಾಗಿ ಸಾರ್ವಜನಿಕ ರಸ್ತೆ ಅಂತ ಘೋಷಿಸಿತು. ಈ ಘೋಷಣೆಯನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಮೇಲೆ ಬೇರೆ ಕಡೆ ಒಳ್ಳೆಯ ರಸ್ತೆಗಳಾದವು. ಹೋಟೆಲಿಗೆ ಜನ ಬರೋದು ನಿಂತಿತು, ಕಾಲಕ್ರಮೇಣ ಕಟ್ಟಡವೂ ಹೋಯಿತು. ಮಳೆ, ಹಿಮ ಮಣ್ಣನ್ನ ತೊಳೆದುಕೊಂಡು ಹೋಗಿ ಬಂಡೆಗಳು ಎದ್ದುಬಂದವು. ಕುದುರೆ ಗಾಡಿ ಓಡಾಡಿದ್ದ ದಾರಿಯಲ್ಲಿ ಈಗ ಕಾರು ಹೋಗದ ಹಾಗಾಯಿತು. ಇಲ್ಲಿ ನನಗೆ ಮುಖ್ಯ ಅನ್ನಿಸೋದು ಇದೇ. ‘ಆಫ್-ರೋಡ್’ ಅಂದಾಗ ನಾವು ಯಾವತ್ತೂ ರಸ್ತೆಯೇ ಇರದ ಕನ್ನೆನೆಲವನ್ನ ಕಲ್ಪಿಸಿಕೊಳ್ಳುತ್ತೇವೆ. ಜಾಹೀರಾತುಗಳು ಹಾಗೆ ಕಲಿಸಿವೆ. ರೂಬಿಕಾನಿನಲ್ಲಿರೋದು ಮಾತ್ರ ಯಾರೋ ರಿಪೇರಿ ಮಾಡೋದನ್ನ ನಿಲ್ಲಿಸಿಬಿಟ್ಟ ಹಳೇ ರಸ್ತೆ.

1950ರ ಹೊತ್ತಿಗೆ ಜಾರ್ಜ್‌ಟೌನ್ ಬಡವಾಗಿತ್ತು. ಚಿನ್ನ ಮುಗಿದು ಎಷ್ಟೋ ಕಾಲವಾಗಿತ್ತು. ಊರಿಗೆ ಜನ ಬರಬೇಕು, ನಾಲ್ಕು ಕಾಸು ಓಡಾಡಬೇಕು, ಏನು ಮಾಡೋದು ಅಂತ ಊರಿನವರು ಕೂತು ಯೋಚಿಸಿದರು. ಹೊಳೆದದ್ದು ಈ ಕೆಟ್ಟ ರಸ್ತೆ. 1953ರ ಆಗಸ್ಟ್ ಕೊನೆಯಲ್ಲಿ 55 ಜೀಪುಗಳಲ್ಲಿ 155 ಜನ ಜಾರ್ಜ್‌ಟೌನಿನಿಂದ ಟಾಹೋಗೆ ಹೊರಟರು. ಮುಂದಾಳು ಮಾರ್ಕ್ ಸ್ಮಿತ್. ಇದೇ ಮನುಷ್ಯ ಇಪ್ಪತ್ತೈದು ವರ್ಷದ ಮೇಲೆ ದಕ್ಷಿಣ ಅಮೆರಿಕದ ತುದಿಯಿಂದ ಅಲಾಸ್ಕದವರೆಗೆ ಜೀಪುಗಳನ್ನ ಕರಕೊಂಡು ಹೋದವನು. ‘ಜೀಪರ್ಸ್ ಜಂಬೋರಿ’ ಅನ್ನೋ ಆ ಜಾತ್ರೆ ಮುಂದೆ ವರ್ಷ ವರ್ಷವೂ ನಡೆಯುತ್ತಾ ಹೋಯಿತು. ಕೆಟ್ಟ ರಸ್ತೆಯೊಂದು ಊರಿನ ಆಸ್ತಿಯಾಗಿದ್ದು ಹೀಗೆ.

ಆ ದಾರಿಯ ಜಾಗಗಳಿಗೆಲ್ಲ ಹೆಸರುಗಳಿವೆ. ಹಳೇ ಕ್ಯಾಡಿಲಾಕ್ ಕಾರೊಂದರ ಅವಶೇಷ ಬಿದ್ದಿರೋ ಇಳಿಜಾರಿಗೆ ಕ್ಯಾಡಿಲಾಕ್ ಹಿಲ್ ಅಂತ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಲಿಟಲ್ ಸ್ಲೂಸ್ ಎಂಬ ಬಂಡೆಗಳ ಇಕ್ಕಟ್ಟು. ಗಾಡಿಗಳು ಬಲವಾಗುತ್ತಾ ಹೋದವು, ಟೈರುಗಳು ಎದೆಮಟ್ಟಕ್ಕೆ ಬಂದವು, ಡಿಫರೆನ್ಷಿಯಲ್ಲನ್ನ ಲಾಕ್ ಮಾಡೋ ಉಪಕರಣ ಬಂತು. 1941ರ ಜೀಪಿಗೆ ಸವಾಲಾಗಿದ್ದ ಕಲ್ಲು ಈ ರಾಕ್ಷಸರಿಗೆ ಲೆಕ್ಕಕ್ಕೇ ಇಲ್ಲ. ಆಗ ಏನು ಮಾಡಿದರು ಅಂತೀರಿ? ಇನ್ನಷ್ಟು ಬಂಡೆಗಳನ್ನ ತಾವೇ ದಾರಿಗೆ ಉರುಳಿಸಿದರು! ರಸ್ತೆ ಸಾಕಷ್ಟು ಕೆಟ್ಟಿಲ್ಲ ಅಂತ.

ಲಿಟಲ್ ಸ್ಲೂಸನ್ನ ದಾಟಲಾಗದ ಗಾಡಿಗಳು ಪಕ್ಕದಲ್ಲಿ ಬೇರೆ ದಾರಿ ಮಾಡಿಕೊಂಡವು. ಅದು ಹಾಳಾದಾಗ ಅದರ ಪಕ್ಕ ಇನ್ನೊಂದು. ಸರ್ಕಸ್ ನೋಡೋಕೆ ಜನ ಸೇರಿದರು, ಅಲ್ಲೇ ಹತ್ತಿರದ ಸ್ಪೈಡರ್ ಲೇಕ್ ದಡದಲ್ಲಿ ಬಿಡಾರ ಹೂಡಿದರು. ಶೌಚಾಲಯ ಇಲ್ಲದ ಜಾಗದಲ್ಲಿ ವಾರಾಂತ್ಯಕ್ಕೆ ನೂರಾರು ಜನ ಸೇರಿದರೆ ಏನಾಗುತ್ತೋ ಅದೇ ಆಯಿತು. 2004ರಲ್ಲಿ ಮಲದ ಗಲೀಜಿನಿಂದಾಗಿ ಆ ಕೆರೆಯ ಪ್ರದೇಶವನ್ನೇ ಮುಚ್ಚಬೇಕಾಯಿತು. ಒಡೆದ ಗಾಡಿಗಳಿಂದ ಸೋರಿದ ಎಣ್ಣೆ, ಚಕ್ರ ಕೊರೆದ ಮಣ್ಣು ನೀರಿಗೆ ಸೇರುತ್ತಿದೆ ಅಂತ 2009ರಲ್ಲಿ ರಾಜ್ಯದ ಜಲಗುಣಮಟ್ಟ ಮಂಡಳಿ ಸ್ವಚ್ಛಗೊಳಿಸಿ ಅಂತ ಆದೇಶ ಹೊರಡಿಸಿತು.

ಆದೇಶ ಯಾರಿಗೆ? ಅರಣ್ಯ ಇಲಾಖೆಗೆ, ಮತ್ತು ಎಲ್ ಡೊರಾಡೊ ಕೌಂಟಿಗೆ. 1887ರ ಆ ಘೋಷಣೆ ಈಗ ನೆನಪಿಗೆ ಬರಬೇಕು. ಅದು ಸಾರ್ವಜನಿಕ ರಸ್ತೆ ತಾನೆ? ಹಾಗಿದ್ದರೆ ಅದನ್ನ ನೋಡಿಕೊಳ್ಳೋದು ಕೌಂಟಿಯ ಹೊಣೆ. ಟ್ರೇಲ್ ಪ್ರಿಯರು ದಶಕಗಳ ಕಾಲ ‘ಇದು ಸಾರ್ವಜನಿಕ ರಸ್ತೆ, ಮುಚ್ಚೋ ಹಾಗಿಲ್ಲ’ ಅಂತ ಹಿಡಿದುಕೊಂಡಿದ್ದ ಕಾಗದವೇ, ‘ಹಾಗಿದ್ದರೆ ರಸ್ತೆಯ ಹಾಗೆ ರಿಪೇರಿ ಮಾಡಿ’ ಅಂತ ತಿರುಗಿತು. 2012ರಲ್ಲಿ ಕೌಂಟಿಯವರು ಲಿಟಲ್ ಸ್ಲೂಸಿನ ದೊಡ್ಡ ಬಂಡೆಗಳನ್ನ ಒಡೆಸಿಹಾಕಿದರು. ಆಫ್-ರೋಡಿಗರಲ್ಲಿ ಅನೇಕರಿಗೆ ಅದು ಸಾವಿನ ಸುದ್ದಿ ಕೇಳಿದಂತಾಯಿತು. ನನಗೆ ಮಾತ್ರ ಅವರ ದುಃಖಕ್ಕಿಂತ ಹಳೇ ಜೀಪಿನವರ ಸಮಾಧಾನ ಹೆಚ್ಚು ಅರ್ಥವಾಗುತ್ತೆ. ಕಡಿಮೆ ಎತ್ತರದ, ಸಣ್ಣ ಟೈರಿನ ಗಾಡಿಗೆ ಬಂಡೆ ಸಣ್ಣದಾದಷ್ಟೂ ದಾರಿ ತೆರೆದುಕೊಳ್ಳುತ್ತೆ. ರಸ್ತೆಯನ್ನ ಕೆಡಿಸಬೇಕಾಗಿ ಬಂದದ್ದು ಗಾಡಿ ಅತಿಯಾಗಿ ಸುಧಾರಿಸಿದ್ದರಿಂದ. ಆ ಹಳೇ ಗಾಡಿಗೆ ಇದ್ದ ರಸ್ತೆಯೇ ಸಾಕಾಗಿತ್ತು.

ಅಮೆರಿಕದ ಬೆಟ್ಟದಲ್ಲಿ ಇದು ಕೊನೆಗೂ ವಾರಾಂತ್ಯದ ಮೋಜಿನ ಪ್ರಶ್ನೆ. ರೂಬಿಕಾನ್ ದಾರಿಯನ್ನೇ ನಂಬಿಕೊಂಡು ದಿನಸಿ ತರಿಸೋ ಊರೇನೂ ಅದರ ನಡುವೆ ಇಲ್ಲ. ನಮ್ಮ ದೇಶಕ್ಕೆ ಬಂದರೆ ಲೆಕ್ಕ ಬೇರೆ.

ಭಾರತದಲ್ಲಿ ಜೀಪು ಜೋಡಿಸಲು ಶುರು ಮಾಡಿದ್ದು ಮಹೀಂದ್ರಾ, 1940ರ ದಶಕದ ಕೊನೆಗೆ, ಬಾಂಬೆಯ ಮಝಗಾಂವಿನಲ್ಲಿ. ಕಂಪನಿ 1945ರಲ್ಲಿ ಹುಟ್ಟಿದಾಗ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ಪಾಲುದಾರ ಗುಲಾಂ ಮೊಹಮ್ಮದ್ ದೇಶವಿಭಜನೆಯ ಮೇಲೆ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1948ರಲ್ಲಿ ಕಂಪನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು. ಅಮೆರಿಕದಲ್ಲಿ 1953ರಲ್ಲಿ ಬಂದು 1968ಕ್ಕೆ ನಿಂತುಹೋದ ಸಿಜೆ-3ಬಿ, ಅಂದರೆ ನಮ್ಮ ಜೀಪುಪ್ರಿಯರು ಹೈ ಬಾನೆಟ್ ಅಂತ ಕರೆಯೋದು, ಇಲ್ಲಿ ಎಂಜಿನ್ನು, ಉದ್ದ ಬದಲಾಯಿಸಿಕೊಳ್ಳುತ್ತಾ ದಶಕಗಳ ಕಾಲ ಬಂತು. ತಾಲೂಕು ಕಚೇರಿ, ಪೊಲೀಸು, ಚುನಾವಣಾ ಪ್ರಚಾರ, ಕೊಡಗು ಚಿಕ್ಕಮಗಳೂರಿನ ಕಾಫಿ ಎಸ್ಟೇಟು, ಎಲ್ಲ ಕಡೆ ಅದೇ. ನಮ್ಮ ಹಿಂದಿನ ತಲೆಮಾರಿನವರನ್ನ ‘ಆಫ್-ರೋಡಿಂಗ್ ಮಾಡಿದ್ದೀರಾ?’ ಅಂತ ಕೇಳಿ ನೋಡಿ. ಅಡಿಕೆ ಮೂಟೆ ಹೇರಿಕೊಂಡು ಮಳೆಗಾಲದಲ್ಲಿ ಸಂತೆಗೆ ಹೋಗಿಬರೋದಕ್ಕೆ ಅಂಥದೊಂದು ಹೆಸರಿದೆ ಅಂತ ಅವರಿಗೆ ಗೊತ್ತಿರಲಿಕ್ಕಿಲ್ಲ.

ಇದರ ತೀರಾ ಸ್ಪಷ್ಟ ಉದಾಹರಣೆ ಸಿಗೋದು ಡಾರ್ಜಿಲಿಂಗ್ ಹತ್ತಿರದ ಮಾನೇಭಂಜಂಗ್‌ನಲ್ಲಿ. ಅಲ್ಲಿ ಓಡೋದು ಜೀಪಿನ ಬ್ರಿಟಿಷ್ ತಮ್ಮ, ಲ್ಯಾಂಡ್ ರೋವರ್. ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ವೇಲ್ಸಿನ ಜಮೀನಿನಲ್ಲಿ ಸೇನೆಯಿಂದ ಬಂದ ಹಳೇ ವಿಲ್ಲೀಸ್ ಜೀಪೊಂದನ್ನ ಓಡಿಸುತ್ತಿದ್ದ, ಇಂಥದ್ದನ್ನ ನಾವೇ ಯಾಕೆ ಮಾಡಬಾರದು ಅಂದುಕೊಂಡ. 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಗಾಡಿ ಬಂತು. ಯುದ್ಧದ ನಂತರ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್ ಇತ್ತು, ಹಾಗಾಗಿ ಮೈಯನ್ನ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದರು. ತುಕ್ಕು ಹಿಡಿಯದೆ ಅವು ಇಷ್ಟು ವರ್ಷ ಬಾಳಿದ್ದರಲ್ಲಿ ಆ ಅಭಾವದ ಪಾಲೂ ಇದೆ.

ಟೀ ತೋಟದ ಬಿಳಿಯರು ಬಿಟ್ಟುಹೋದ ಈ ಗಾಡಿಗಳು ಊರಿನವರ ಕೈಗೆ ಬಂದು, ನೇಪಾಳದ ಗಡಿಗುಂಟ 3,636 ಮೀಟರ್ ಎತ್ತರದ ಸಂದಕ್‌ಫುಗೆ ಹತ್ತುವ ಸುಮಾರು 31 ಕಿಲೋಮೀಟರ್ ಕಲ್ಲುದಾರಿಯ ಜೀವನಾಡಿಯಾದವು. ಅಕ್ಕಿ, ಗ್ಯಾಸ್ ಸಿಲಿಂಡರ್, ಪ್ರವಾಸಿಗರು ಎಲ್ಲವೂ ಅದರಲ್ಲೇ. ಮೂಲ ಎಂಜಿನ್ ಸತ್ತಾಗ ಬ್ರಿಟನ್ನಿನಿಂದ ತರಿಸೋ ಮಾತೆಲ್ಲಿ ಬಂತು? ಮಹೀಂದ್ರಾ ಡೀಸೆಲ್ ಎಂಜಿನ್ ಕೂರಿಸಿದರು. ಅಮೆರಿಕದ ಜೀಪಿನಿಂದ ಹುಟ್ಟಿದ ಬ್ರಿಟಿಷ್ ಗಾಡಿಗೆ ಭಾರತದ ಜೀಪಿನ ಎಂಜಿನ್. ವಂಶವೃಕ್ಷ ಒಂದು ಸುತ್ತು ಬಂದಂತಾಯಿತು.

ಕಳೆದ ಕೆಲ ವರ್ಷಗಳಲ್ಲಿ ಆ ದಾರಿಗೆ ಹಂತ ಹಂತವಾಗಿ ಕಾಂಕ್ರೀಟ್ ಬಿತ್ತು. ಈಗ ಬೊಲೆರೋಗಳೂ ಹತ್ತುತ್ತವೆ. ದಾರಿಯಲ್ಲಿ ಮನೆ ಇರೋರಿಗೆ ಇದು ಒಳ್ಳೆಯ ಸುದ್ದಿ, ಅದರಲ್ಲಿ ಎರಡು ಮಾತಿಲ್ಲ. ಲ್ಯಾಂಡ್ ರೋವರ್ ಡ್ರೈವರಿಗೆ ಹೊಟ್ಟೆಪಾಡಿನ ಪ್ರಶ್ನೆ. ಪ್ರವಾಸಿಯ ಕೊರಗು ಫೋಟೋದ್ದು. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕೋದು ತಪ್ಪು ಅಂತ ನನ್ನ ಅನಿಸಿಕೆ. ಕುದುರೆಮುಖ ಚಾರಣಕ್ಕೆ ಹೋಗುವವರು ಮುಳ್ಳೋಡಿವರೆಗಿನ ಜೀಪು ಪ್ರಯಾಣವನ್ನ ಮೆಚ್ಚಿ ಬರೆಯುತ್ತಾರೆ, ನಾನೂ ಮೆಚ್ಚಿದ್ದೇನೆ. ಅದು ರಾಷ್ಟ್ರೀಯ ಉದ್ಯಾನದ ಸೀಮೆ, ಅಲ್ಲಿ ಡಾಂಬರು ಹಾಕಬೇಕೆಂದರೆ ಅನುಮತಿಗಳ ದೊಡ್ಡ ಸಾಲೇ ದಾಟಬೇಕು. ಕಾಡಿಗೆ ಅದು ಬೇಕಾದ ರಕ್ಷಣೆಯೇ. ಆದರೆ ಆ ರಕ್ಷಣೆಯ ಬೆಲೆಯನ್ನ ದಿನಾ ತೆರುವವರು ಅಲ್ಲಿನ ಮನೆಗಳವರು, ನಾವು ಒಂದು ಶನಿವಾರಕ್ಕೆ ಬಾಡಿಗೆ ಮಾತ್ರ ಕೊಟ್ಟು ಬರುತ್ತೇವೆ.

ಹಳೇ ಗಾಡಿಯನ್ನಾದರೂ ಉಳಿಸಬಹುದಲ್ಲ ಅಂದರೆ ಅದಕ್ಕೂ ಕಾನೂನು ಬಂದಿದೆ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನಿಯಮ ತಂದಿತು. 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಕಟ್ಟಿ ನೋಂದಣಿ ಮಾಡಿಸಿದರೆ ‘ವಿಎ’ ಅಕ್ಷರಗಳಿರುವ ವಿಶೇಷ ನಂಬರ್ ಪ್ಲೇಟು ಸಿಗುತ್ತೆ. ಷರತ್ತುಗಳಿವೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸೋ ಹಾಗಿಲ್ಲ. ಬೆಂಗಳೂರಿನ ಯಾವುದೋ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗಿರೋ, ಭಾನುವಾರಕ್ಕೊಮ್ಮೆ ಕಬ್ಬನ್ ಪಾರ್ಕ್ ಸುತ್ತುವ ಲ್ಯಾಂಡ್ ರೋವರ್ ಈ ಲೆಕ್ಕದಲ್ಲಿ ವಿಂಟೇಜ್. ಮಹೀಂದ್ರಾ ಎಂಜಿನ್ ಹಾಕಿಕೊಂಡು, ಬೆಳಗಿನ ಚಳಿಯಲ್ಲಿ ಕೆಮ್ಮುತ್ತಾ ಸ್ಟಾರ್ಟ್ ಆಗಿ, ಅಕ್ಕಿ ಮೂಟೆಯನ್ನೂ ನಿಮ್ಮಂಥ ನಮ್ಮಂಥವರನ್ನೂ ಹೇರಿಕೊಂಡು ಸಂದಕ್‌ಫು ಹತ್ತುವ ಅದೇ ವಯಸ್ಸಿನ ಗಾಡಿಗೆ ಆ ಪ್ಲೇಟು ಸಿಗೋದಿಲ್ಲ.